ಬೆನ್ನು ಮಾಡಿ ಕೂತವಳು

ವರ್ಷಕ್ಕೊಮ್ಮೆ ನಾಗರಪಂಚಮಿಗೆ ತವರಿಗೆ ಬಂದಾಗ ನಾವು ಓಣಿಯ ಗೆಳತಿಯರು ಒಂದು ದಿನ ಹಬ್ಬದ ಬೆಲ್ಲದುಂಡಿಯ ಗಂಟು ಕಟ್ಟಿಕೊಂಡು ಜಮಖಂಡಿಯ ಗುಡ್ಡ ಹತ್ತುತ್ತಿದ್ದೆವು. ಸಂಸ್ಥಾನ ಹೋಗಿ ಮುಂಬೈ ರಾಜ್ಯ ಬಂದ ಹೊಸತು ಅದು. ಕುರುಚಲು ಅಡವಿ ದಾಟಿ ನೆತ್ತಿಯ ಬಂಡೆ ಮುಟ್ಟಿದ ಕೂಡಲೇ ಎಲ್ಲರೂ ತಂತಮ್ಮ ಗಂಡನ ಊರು ಹುಡುಕಿ, "ಅಗಾ, ನಮ್ಮೂರು" ಎಂದು ಕೈಮಾಡಿ ತೋರಿಸುವುದು ರೂಢಿ.

ನಮ್ಮ ಪಕ್ಕದ ಮನೆಯವಳು ಮಾತ್ರ ತೋರಿಸುತ್ತಿರಲಿಲ್ಲ. ಆಕೆಯನ್ನು ಕೊಟ್ಟದ್ದು ಪಡುವಣ ದಿಕ್ಕಿನ ಹೊಳೆದಂಡೆಯ ಊರಿಗೆ. ಅದಕ್ಕೆ ಬೆನ್ನು ಮಾಡಿ ಕೂತು, ತಲೆಯ ಮೇಲೆ ಸೆರಗು ಎಳೆದುಕೊಂಡು, "ಆ ಕಡಿಂದ ಗಾಳಿ ಭಾಳ ಐತಿ" ಅನ್ನುವಳು. ಪ್ರತಿ ವರ್ಷ ಅದೇ ಮಾತು. ಗಟ್ಟಿ ಉಂಡಿಗಳನ್ನು ಬಂಡೆಗೆ ಕುಟ್ಟಿ ಒಡೆದು, ದೊಡ್ಡ ಚೂರು ನಮಗೆ ಹಂಚಿ, ನುಚ್ಚು ತಾನು ತಿನ್ನುವಳು.

ಒಂದು ವರ್ಷ ಗಾಳಿ ತಿರುಗಿತ್ತು. ನೇರ ಆಕೆಯ ಮುಖಕ್ಕೇ ಬಡಿಯುತ್ತಿತ್ತು. ಕಣ್ಣಲ್ಲಿ ಮಣ್ಣು ಬಿದ್ದರೂ ಆಕೆ ಕದಲಲಿಲ್ಲ.

"ಗಾಳಿ ಈ ಕಡಿಂದ ಬರಾಕತ್ತೈತಿ. ತಿರುಗಿ ಕುಂಡ್ರಬಾರದೇನವ್ವಾ?" ಎಂದೆ.

"ಅಲ್ಲಿ ಹಿತ್ತಲದಾಗ ನಿಂತು ದಿನಾ ಈ ಗುಡ್ಡ ನೋಡ್ತೇನಿ. ಇಲ್ಲಿಗೆ ಬಂದ ಮ್ಯಾಲೂ ಆ ಊರು ನೋಡಂತಿಯೇನ?" ಎಂದು ಉಂಡಿಯ ಚೂರನ್ನು ನನ್ನ ಬಾಯಿಗಿಟ್ಟಳು.

ಮರುವರ್ಷ ಕರೆಯಲು ಹೋದ ಅವಳ ಅಣ್ಣ ಒಬ್ಬನೇ ತಿರುಗಿ ಬಂದ. ಅತ್ತೆಮನೆಯವರು ಕಳಿಸಲಿಲ್ಲವಂತೆ. ಅದರ ಮುಂದಿನ ವರ್ಷವೂ ಅಷ್ಟೇ.

ಆ ಸಲ ನಾವು ಗುಡ್ಡ ಹತ್ತಿ ಆಕೆಯ ಗಂಡನ ಊರಿನ ಕಡೆಗೇ ಮುಖ ಮಾಡಿ ಕೂತೆವು. ಒಬ್ಬಳು ಎದ್ದು ನಿಂತು ಸೆರಗು ಬೀಸಿದಳು. ಆಕೆ ಹಿತ್ತಲಲ್ಲಿ ನಿಂತು ನೋಡುತ್ತಿದ್ದಿರಬೇಕು. ಆದರೆ ಅಷ್ಟು ದೂರಕ್ಕೆ ಗುಡ್ಡವಷ್ಟೇ ಕಾಣುತ್ತದೆ, ಗುಡ್ಡದ ಮೇಲಿನವರು ಕಾಣುವುದಿಲ್ಲ.