ಕುಡಿಯದೆ ಕೆಳಗಿಟ್ಟ ಬಟ್ಟಲು

ಉಳ್ಳಾಲದ ಫವಾಝ್ ದೋಹಾದ ಪಾತ್ರೆ ಅಂಗಡಿಯೊಂದರಲ್ಲಿ ಕೆಲವು ವರ್ಷ ದುಡಿದ. ಅಂಗಡಿಯೊಳಗೆ ಕಡಲು ಕಾಣದೆ ಉಸಿರು ಕಟ್ಟಿದಂತಾಗಿ ಕತಾರಿನ ಉತ್ತರ ತೀರದ ಅಲ್ ಶಮಾಲ್‌ಗೆ ಬಂದುಬಿಟ್ಟ. ಈಗ ಶನಿವಾರಗಳಂದು ಪ್ರವಾಸಿಗರನ್ನು ಮರದ ದೋಣಿಯಲ್ಲಿ ಕೂರಿಸಿಕೊಂಡು, ತೀರದ ಹಳೆಯ ಮೀನುಗಾರರ ಹಳ್ಳಿಗಳನ್ನು ತೋರಿಸುತ್ತಾನೆ.

ಕೊನೆಯ ಹಳ್ಳಿಯಲ್ಲಿ ಜನ ಇರುವುದು ಮುದುಕ ಜಾಬಿರ್‌ನ ಮನೆಯಲ್ಲಿ ಮಾತ್ರ. "ಬಾ ಮಗನೇ" ಎನ್ನುತ್ತ ಅವನು ಹಿತ್ತಾಳೆಯ ಕಾಫಿ ಗಿಂಡಿಯನ್ನು ಫವಾಝನ ಕೈಗೇ ಕೊಡುತ್ತಿದ್ದ. ಬಂದವರಿಗೆ ಬಗ್ಗಿಸಿಕೊಡುವುದು ಮನೆಮಗನ ಕೆಲಸ.

ಆ ಶನಿವಾರ ಬಂದದ್ದು ದೋಹಾದ ಅಲ್ ಗರಾಫಾ ಬಡಾವಣೆಯ ತುಳುವರ ಗುಂಪು. ಊರಿನವರನ್ನು ಕಂಡು ಫವಾಝನ ನಾಲಗೆ ಉದ್ದವಾಯಿತು. "ಜಾಬಿರ್ ಬಾಬಾನ ಮನೆ ಅಂದ್ರೆ ನನ್ನ ಮನೆಯೇ."

"ಹಾಗಾದ್ರೆ ಅಲ್ಲೊಂದು ಹಳೇ ಮಗ್ಗದ ಕೋಣೆ ಇದೆಯಂತಲ್ಲ, ತೋರಿಸ್ತೀರಾ, ಫವಾಝಣ್ಣ?" ಬ್ಯಾಂಕಿನ ಕೆಲಸದ ಅಶ್ವಿತಾ ಕೇಳಿದಳು.

"ಅದೊಂದು ಮಾಫಿ, ಆಗೋದಿಲ್ಲ. ಹೆಂಡತಿ ತೀರಿಹೋದ ಮೇಲೆ ಅವರು ಯಾರಿಗೂ ಬಾಗಿಲು ತೆಗೆದಿಲ್ಲ."

"ಓಹೋ! ಮನೆ ನಿಮ್ಮದು, ಬೀಗ ಮಾತ್ರ ಬೇರೆಯವರದ್ದು!"

ದೋಣಿಗೆ ದೋಣಿಯೇ ನಕ್ಕಿತು. ದಡ ಸೇರಿದರೂ ಆ ನಗು ಅವನ ಬೆನ್ನು ಬಿಡಲಿಲ್ಲ.

ಮುದುಕ ಗಿಂಡಿ ಚಾಚಿದ. ಫವಾಝ್ ತೆಗೆದುಕೊಳ್ಳದೆ ಅತಿಥಿಗಳ ಸಾಲಿನಲ್ಲಿ ಹೋಗಿ ಕುಳಿತ. ಜಾಬಿರ್ ತಾನೇ ಬಗ್ಗಿಸಿಕೊಟ್ಟ ಬಟ್ಟಲನ್ನು ಫವಾಝ್ ತುಟಿಗೆ ಸೋಕಿಸದೆ ನೆಲಕ್ಕಿಟ್ಟ.

ಆ ತೀರದ ಹಳಬರಿಗೆ ಇದರ ಅರ್ಥ ಹೇಳಬೇಕಿಲ್ಲ. ಕಾಫಿ ಮುಟ್ಟದ ಅತಿಥಿಗೆ ಏನೋ ಬೇಕಾಗಿದೆ. ಅದನ್ನು ಕೊಡದಿದ್ದರೆ ಮನೆಯ ಮಾನ ಹೋಯಿತು. ಈ ಪದ್ಧತಿಯನ್ನು ಫವಾಝನಿಗೆ ಕಲಿಸಿದವನೂ ಜಾಬಿರನೇ.

"ಕುಡಿ. ಏನು ಕೇಳಿದರೂ ಕೊಟ್ಟೆ."

"ಒಳಗಿನ ಕೋಣೆ ತೆಗೆಯಬೇಕು, ಬಾಬಾ."

ಮುದುಕ ಎದ್ದ. ಒಳಗೆ ಹೋಗಿ ಬೀಗ ತೆಗೆದ.

ಕೋಣೆಯ ನೆಲದುದ್ದಕ್ಕೂ ಹಾಸಿದ ಮಗ್ಗದಲ್ಲಿ ಅರ್ಧ ನೆಯ್ದ ಉಣ್ಣೆಯ ಪಟ್ಟಿ. ಎಳೆಗಳ ನಡುವೆ, ಅವನ್ನು ಬಿಡಿಸಿ ಹಿಡಿದ ಒಂದು ಮರದ ಹಲಗೆ. ಜಾಬಿರ್‌ನ ಹೆಂಡತಿ ಕಡೆಯ ಸಲ ತೂರಿಸಿ ಎದ್ದುಹೋದಲ್ಲೇ ಇತ್ತು. "ಕತ್ತಿ ಇದ್ದ ಹಾಗಿದೆಯಲ್ಲ!" ಎಂದು ಅಶ್ವಿತಾ ಅದನ್ನು ಎಳೆದು ಫೋಟೊಗೆ ಎತ್ತಿ ಹಿಡಿದಳು. ತೆರೆದಿದ್ದ ಎಳೆಗಳು ಒಂದರ ಮೇಲೊಂದು ಕೂತವು; ಆಕೆಯ ಕೈ ನಿಂತಿದ್ದ ಜಾಗ ಮುಚ್ಚಿಹೋಯಿತು. ಫವಾಝನ ಬಾಯಿಗೆ "ಬೇಡ" ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜಾಬಿರ್ ಹಲಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿದ. ಬೈದಿದ್ದರೆ ಫವಾಝ್ ಬದುಕಿಕೊಳ್ಳುತ್ತಿದ್ದ.

ಎಲ್ಲರೂ ದೋಣಿಯತ್ತ ಹೋದ ಮೇಲೆ ಅವನೊಬ್ಬ ಉಳಿದ. "ತಪ್ಪಾಯ್ತು ಬಾಬಾ. ಅವರು ನಕ್ಕರು ಅಂತ ನಾನು..."

"ಅತಿಥಿ ಕೇಳಿದ, ಕೊಟ್ಟೆ. ಖಲಾಸ್."

ಫವಾಝ್ ಎಂದಿನಂತೆ ಬಟ್ಟಲುಗಳನ್ನು ತೊಳೆಯಲೆಂದು ಬಾಗಿದ. ಮುದುಕ ಮೆಲ್ಲಗೆ ಅವನ ಕೈ ತಡೆದ. "ಬಂದವರಿಂದ ನಾವು ಕೆಲಸ ಮಾಡಿಸುವುದಿಲ್ಲ."

ನಂತರ ಹಿರಿಯ ಅತಿಥಿಯನ್ನು ಬೀಳ್ಕೊಡುವಂತೆ, ಎಂದೂ ಬರದ ಜಾಬಿರ್ ನೀರಿನ ಅಂಚಿನವರೆಗೆ ಬಂದು, ಎದೆಯ ಮೇಲೆ ಕೈಯಿಟ್ಟು ನಿಂತ. ಫವಾಝ್ ತಿರುಗಿ ನೋಡಲಾರದೆ, ಕಡಲಿನ ಇಳಿತದ ಕೆಸರಿನಲ್ಲಿ ಮೊಣಕಾಲವರೆಗೆ ಹೂತು ದೋಣಿಯನ್ನು ತಳ್ಳುತ್ತಲೇ ಇದ್ದ.