ಒರೆಸ್ಟನಿಗೆ ಎರಡು ಸಲ ಸೂಜಿ

ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟಕ್ಕೆ ಮಂಜುಗಡ್ಡೆಯ ಅಂಗಳ ಕನ್ನಡಿಯಂತಿರಬೇಕು. ಸಸ್ಕಾಚೆವಾನ್ ಪ್ರಾಂತ್ಯದ ನಮ್ಮ ಪುಟ್ಟ ಊರಿನಲ್ಲಿ ಮೂವತ್ತೊಂದು ವರ್ಷ ಅದನ್ನು ಹಾಗೆ ಸಿದ್ಧಪಡಿಸಿದವನು ಒರೆಸ್ಟ್ ಹ್ನಾಟ್ಯುಕ್. ವಯಸ್ಸು ಅರವತ್ತೊಂಬತ್ತು, ಹೆಂಡತಿ ತೀರಿಕೊಂಡು ಆರು ವರ್ಷ. ಎಂಥ ಚಳಿಯಲ್ಲೂ ಟೋಪಿಯಿಲ್ಲದೆ ತಿರುಗುವ ಈ ಗಂಡುಗಲಿ ಸೂಜಿ ಕಂಡರೆ ಮಾತ್ರ ಮಗುವಾಗುತ್ತಿದ್ದ. ಯಂತ್ರದ ಗದ್ದಲಕ್ಕೆ ಎಡಗಿವಿ ಹೋಗಿತ್ತು. ಬೇಡದ ಮಾತು ಬಂದಾಗಲೆಲ್ಲ ಆ ಕಿವಿಯನ್ನೇ ತಿರುಗಿಸುತ್ತಿದ್ದ.

ನನ್ನ ಅಣ್ಣನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವುದು ತಡವಾಗಿ ಗೊತ್ತಾಗಿತ್ತು. ಹಾಗಾಗಿ ಆ ಫೆಬ್ರವರಿಯಲ್ಲಿ ಒರೆಸ್ಟನೂ ಸೇರಿ ನಮ್ಮ ಕರ್ಲಿಂಗ್ ತಂಡದ ನಾಲ್ವರೂ ಅದರ ಸುಳಿವು ಕೊಡುವ ರಕ್ತಪರೀಕ್ಷೆ ಮಾಡಿಸೋಣವೆಂದು ಹಠ ಹಿಡಿದೆ.

"ಹಿಂದಿನಿಂದ ಬೆರಳು ಗಿರಳು ಹಾಕಿ ನೋಡೋದಾದ್ರೆ ನಾನು ಬರಲ್ಲ ಕಣೋ" ಎಂದ ಒರೆಸ್ಟ್.

"ಬೆರಳಿಲ್ಲ ಮಾರಾಯ. ಬರೀ ಸೂಜಿ, ತೋಳಿಗೆ."

"ಅದು ಇನ್ನೂ ಕೆಟ್ಟದ್ದು!"

ಹೇಗೋ ರಕ್ತ ಕೊಟ್ಟ. ವಾರ ಕಳೆದು ನಮ್ಮ ಮೂವರದೂ ಸರಿಯಿದೆಯೆಂದು ಬಂತು. ಅವನ ಅಂಕಿ ಮಾತ್ರ ಮೇಲಿತ್ತು. ಎರಡು ದಿನ ಅಂಗಳಕ್ಕೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ, ತಾನು ಸತ್ತ ಮೇಲೆ ಯಾವುದು ಯಾರಿಗೆ ಎಂದು ಸಾಮಾನುಗಳಿಗೆಲ್ಲ ಚೀಟಿ ಅಂಟಿಸುತ್ತ ಕುಳಿತಿದ್ದ. ನನ್ನ ಹೆಸರು ಹಿಡಿ ಮುರಿದ ಸಲಿಕೆಯ ಮೇಲಿತ್ತು.

ಎಬ್ಬಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ನರ್ಸ್ ಲಾರಿಸಾ ಅವನ ತಂಗಿಯ ಮಗಳೇ. ಧೈರ್ಯಕ್ಕೆಂದು ನನ್ನನ್ನೂ ಒಳಗೆಳೆದ.

"ಮಾವ, ಅಂಕಿ ಏರಿದ ತಕ್ಷಣ ಕ್ಯಾನ್ಸರ್ ಅಂತಲ್ಲ. ವಯಸ್ಸಾದ್ರೂ ಏರತ್ತೆ, ಸೋಂಕಿದ್ರೂ ಏರತ್ತೆ, ಮುಂಚಿನ ದಿನ ಮಾಡಿದ ಕೆಲವು ಕೆಲಸಕ್ಕೂ ಏರತ್ತೆ. ಪರೀಕ್ಷೆಯ ಹಿಂದಿನ ಎರಡು ದಿನ ಸೈಕಲ್ ಹೊಡೆದಿದ್ರಾ?"

"ಈ ಹಿಮದಲ್ಲಾ?"

ಲಾರಿಸಾ ಕಾಗದದಿಂದ ತಲೆಯೆತ್ತದೆ ಮುಂದಿನ ಪ್ರಶ್ನೆಯನ್ನು ಮೆಲ್ಲಗೆ ಕೇಳಿದಳು. ಒರೆಸ್ಟ್ "ಹ್ಞಾಂ?" ಎಂದ. ಮತ್ತೆ ಕೇಳಿದಳು. ಮತ್ತೆ "ಹ್ಞಾಂ?" ಪಾಪದ ಹುಡುಗಿ ಕೆಂಪಾಗಿ, ಹೊರಗಿನ ಬೆಂಚಿಗೂ ಕೇಳುವಂತೆ ಕೂಗಿದಳು: "ಯಾರ ಜೊತೆಗಾದ್ರೂ ಮಲಗಿದ್ರಾ ಅಂತ, ಮಾವ!"

ಒರೆಸ್ಟ್ ಛಾವಣಿ ನೋಡಿದ. ನನ್ನನ್ನು ನೋಡಿದ.

"ಸೈಕಲ್ ಹೊಡೆದೆ ಅಂತ ಬರ್ಕೋ" ಎಂದ.

ನನಗೆ ಆಗ ಹೊಳೆಯಿತು. ಅಂಗಳದ ಅಡುಗೆಮನೆ ನೋಡಿಕೊಳ್ಳುವ ವಿಧವೆ ಸ್ಟೆಫಾನಿಯಾ, ಚಳಿಗಾಲವಿಡೀ ನಮಗೆ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಆರಾರು ಬಡಿಸಿದರೆ ಇವನಿಗೆ ಒಂಬತ್ತು ಬಡಿಸುತ್ತಿದ್ದಳು.

"ಆರು ವಾರ ಬಿಟ್ಟು ಮತ್ತೆ ನೋಡೋಣ" ಎಂದಳು ಲಾರಿಸಾ. "ಅದಕ್ಕೆ ಮುಂಚೆ ಎರಡು ದಿನ ಆ ಸೈಕಲ್ಲು ಹತ್ತಬೇಡಿ."

ನಾನು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ, ಬೆಂಚಿನ ಮೇಲೆ ನಾಲ್ಕು ಜನ ಇದ್ದರು. ಮರುದಿನ ಅಂಗಳದಲ್ಲಿ ಅವನು ಕಂಡದ್ದೇ ತಡ, ಎಲ್ಲರೂ "ಟ್ರಿಣ್ ಟ್ರಿಣ್" ಶುರುಮಾಡಿದರು. ಸ್ಟೆಫಾನಿಯಾ ಸೌಟು ಹಿಡಿದೇ ಹೊರಬಂದಳು.

"ನಗ್ರೋ, ನಗ್ರಿ. ನನಗೇನೂ ನಾಚಿಕೆ ಇಲ್ಲ." ಆಮೇಲೆ ಒರೆಸ್ಟನ ಬಲಗಿವಿಯ ಕಡೆ ಬಂದು ನಿಂತಳು. "ಸಾಯ್ತೀನಿ ಅಂತ ಹೆದರಿ ಒಬ್ಬನೇ ಕೂತಿದ್ದೆಯಂತೆ. ನನಗೆ ಒಂದು ಮಾತು ಹೇಳೋಕಾಗಲಿಲ್ವಾ?"

ನಗು ನಿಂತುಹೋಯಿತು. "ಇನ್ನೊಂದು ಸಲ ಗಂಡನ್ನ ಕಳ್ಕೊಂಡ ಹಾಗಾಗತ್ತೆ ನಿನಗೆ ಅಂತ…" ಎಂದು ಒರೆಸ್ಟ್ ಅಲ್ಲಿಗೇ ನಿಲ್ಲಿಸಿದ. ಗಂಡ ಎಂದದ್ದು ಅವಳ ಕಿವಿಗೂ ಬಿತ್ತು, ನಮ್ಮ ಕಿವಿಗೂ ಬಿತ್ತು.

ಎರಡನೆಯ ಸಲ ರಕ್ತ ಕೊಡಲು ಅವಳೇ ಕರೆದುಕೊಂಡು ಹೋದಳು. ಅವನು ಕಣ್ಣುಮುಚ್ಚಿ ಅವಳ ಕೈ ಹಿಸುಕಿದ ರಭಸಕ್ಕೆ ಅವಳ ಬೆರಳೇ ಊದಿಕೊಂಡಿತು. ಅಂಕಿ ಇಳಿದಿತ್ತು. ಏಪ್ರಿಲ್‌ನಲ್ಲಿ, ಮಂಜುಗಡ್ಡೆ ಕರಗಿಸಿ ಅಂಗಳಕ್ಕೆ ಬೀಗ ಹಾಕಿದ ಮೇಲೆ, ಅವನ ಸೋಫಾವನ್ನು ಸ್ಟೆಫಾನಿಯಾಳ ಮನೆಗೆ ಹೊತ್ತು ಸಾಗಿಸಿದವರು ನಾವು ಮೂವರು. ಅಲ್ಲಿ ಬೇಡ, ಇಲ್ಲಿ ಬೇಡ ಎಂದು ಅವಳು ನಾಲ್ಕು ಮೂಲೆಗೂ ಹೊರಿಸಿದಳು.