ಬಂಡೆಯ ಮೇಲಿನ ಸುಣ್ಣದ ಗುರುತು

ಹನೀಫನ ಫೋನ್ ಒಂದೇ ರಿಂಗ್ ಆಗಿ ಕಟ್ ಆಯಿತು. ನಾನು ಗೋಣಿಬೀಡಿನ ನನ್ನ ಮೊಬೈಲ್ ಅಂಗಡಿಯಲ್ಲಿ ಯಾರಿಗೋ ಸಿಮ್ ಹಾಕಿಕೊಡುತ್ತಿದ್ದೆ.

ಟೀಗೆ ಕರೆಯುವಾಗ ಅವನು ಮಿಸ್ಡ್ ಕಾಲ್ ಕೊಡುವುದು ರೂಢಿ. ಅರ್ಧ ಗಂಟೆ ಬಿಟ್ಟು ವಾಪಸ್ ಮಾಡಿದೆ, ನಾಟ್ ರೀಚಬಲ್. ಬರ್ತಾನೆ ಬಿಡು ಅಂದುಕೊಂಡೆ...

ಹನೀಫ್ ಪಂಪ್‌ಸೆಟ್ ಮೆಕ್ಯಾನಿಕ್, ನನ್ನ ಪಕ್ಕದ ಅಂಗಡಿಯವನು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವ ಸಮಯ ಅದು. ಬೈಕಿನಲ್ಲಿ ದಿನಕ್ಕೆ ನಾಲ್ಕೈದು ಎಸ್ಟೇಟ್ ಸುತ್ತುತ್ತಿದ್ದ, ಎಲ್ಲಿಗೆ ಅಂತ ಮನೆಯಲ್ಲೂ ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಜೈನಾಬಿ ಅಂಗಡಿ ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ಇವ್ರು ಮನೆಗೇ ಬರ್ಲಿಲ್ಲ. ನಿಮ್ಮತ್ರ ಏನಾದ್ರೂ ಹೇಳಿದ್ರಾ?"

ಪೊಲೀಸ್ ಸ್ಟೇಷನ್ನಿಗೆ ಹೋದೆವು. ಸಾಹೇಬರು ಮೊಬೈಲ್ ಕಂಪನಿಗೆ ಫೋನ್ ಮಾಡಿ ವಿಚಾರಿಸಿದರು. ನನಗೆ ಬಂದ ಆ ಒಂದು ರಿಂಗೇ ಅವನ ಕೊನೆಯ ಕರೆ. ಆಗ ಅವನ ಫೋನ್ ಹಿಡಿದಿದ್ದು ಕಳಸದ ಟವರ್.

ಟವರ್ ನೋಡಿ ಮನುಷ್ಯ ಎಲ್ಲಿದ್ದಾನೆ ಅಂತ ಹೇಳಬಹುದು ಅನ್ನುವುದೇ ಮೊಬೈಲ್ ಹೊಸದಾಗಿ ಬಂದಿದ್ದ ಆ ಕಾಲದಲ್ಲಿ ನಮಗೆಲ್ಲ ದೊಡ್ಡ ವಿಸ್ಮಯ. ಎರಡು ಜೀಪು ಮಾಡಿಕೊಂಡು ದೂರದ ಕಳಸಕ್ಕೆ ಓಡಿದೆವು.

ಹೊರನಾಡು ರಸ್ತೆಯ ತಿರುವು ತಿರುವಿನಲ್ಲೂ ಇಳಿದು ಕೂಗಿದೆವು. ಎಸ್ಟೇಟ್‌ಗಳಿಗೆ ಹೋಗಿ ಲೆಕ್ಕ ಬರೆಯುವ ರೈಟರ್‌ಗಳನ್ನು ಕೇಳಿದೆವು. ಯಾರೂ ಅವನನ್ನು ನೋಡಿರಲಿಲ್ಲ.

ಅದರ ಮಾರನೆಯ ದಿನ ಕಳಸದ ಹೋಟೆಲೊಂದರ ಮುಂದೆ ಟೀ ಕುಡಿಯುತ್ತಾ ನನ್ನ ಮೊಬೈಲ್ ತೆಗೆದೆ. ಆಗಿನ ಸೆಟ್‌ಗಳಲ್ಲಿ ಟವರ್ ಇರುವ ಊರಿನ ಹೆಸರು ಸ್ಕ್ರೀನ್ ಮೇಲೆ ಬರುತ್ತಿತ್ತು. ಕಳಸ, ಫುಲ್ ಸಿಗ್ನಲ್.

ಹಾಗೇ ತಲೆ ಎತ್ತಿದೆ. ಕಣಿವೆಯಾಚೆ, ದೂರದಲ್ಲಿ, ನಮ್ಮ ಮೂಡಿಗೆರೆ ಕಡೆಯ ಗುಡ್ಡ ಕಾಣುತ್ತಿದೆ.

ಅಯ್ಯೋ ದೇವರೇ... ಟೀ ಲೋಟ ಅಲ್ಲೇ ಇಟ್ಟು ಎದ್ದೆ.

ಆಗೆಲ್ಲ ಎಸ್ಟೇಟಿಗೆ ಸಿಮ್ ಕೊಡುವ ಮೊದಲು ನಾನೇ ಹೋಗಿ, ತೋಟವೆಲ್ಲ ಅಲೆದು, ಸಿಗ್ನಲ್ ಸಿಗುವ ಜಾಗದಲ್ಲಿ ಸುಣ್ಣದ ಗುರುತು ಹಾಕಿ ಬರುತ್ತಿದ್ದೆ. ಆ ಗುಡ್ಡದ ಕಳಸ ಕಡೆಯ ಇಳಿಜಾರಿನಲ್ಲೊಂದು ಬಂಡೆ ಇದೆ. ಅಲ್ಲಿ ಮೂಡಿಗೆರೆ ಟವರ್ ಸಿಗುವುದಿಲ್ಲ, ಗುಡ್ಡ ಅಡ್ಡ. ಕಣಿವೆ ದಾಟಿ ಕಳಸದ್ದು ಸಿಗುತ್ತದೆ!

ಆ ಬಂಡೆಗೆ ಗುರುತು ಹಾಕಿದ ದಿನ ನನ್ನ ಜೊತೆ ಸುಣ್ಣದ ಡಬ್ಬ ಹಿಡಿದು ಬಂದವನು ಹನೀಫನೇ. "ಏನೇ ತೊಂದ್ರೆ ಆದ್ರೂ ಇಲ್ಲಿ ಬಂದು ನಿಂತ್ಕೋ ಮಾರಾಯ, ಲೈನ್ ಗ್ಯಾರಂಟಿ" ಅಂದಿದ್ದೆ.

ಇಡೀ ತಾಲೂಕಿನ ಸಿಗ್ನಲ್ ನನಗೆ ಬಾಯಿಪಾಠ ಅಂತ ಮೆರೆಯುತ್ತಿದ್ದವನು ನಾನು. ಕಂಪನಿಯವರು ಕಳಸದ ಟವರ್ ಅಂದ ಕೂಡಲೇ ಹನೀಫನೂ ಕಳಸದಲ್ಲೇ ಇದ್ದಾನೆ ಅಂದುಕೊಂಡುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಜೀಪು ವಾಪಸ್ ತಿರುಗಿಸಿದೆವು. ಕಣ್ಣಿಗೆ ಎದುರಿಗೇ ಇರುವ ಗುಡ್ಡಕ್ಕೆ ರಸ್ತೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಬೈಕ್ ಒಳದಾರಿಯಿಂದ ಜಾರಿ, ಹೂ ಬಿಟ್ಟ ಕಾಫಿ ಗಿಡಗಳ ನಡುವೆ ಬಿದ್ದಿತ್ತು. ಅಲ್ಲಿಂದ ಮೇಲಕ್ಕೆ, ತರಗೆಲೆಯ ಮೇಲೆ ಮೈ ಎಳೆದುಕೊಂಡು ಹೋದ ಜಾಡು.

ಹನೀಫ್ ಬಂಡೆಗೆ ಒರಗಿಕೊಂಡಿದ್ದ. ಒಂದು ಕಾಲು ಮುರಿದಿತ್ತು. ಅಂಗೈಗೆ ಸುಣ್ಣ ಮೆತ್ತಿಕೊಂಡಿತ್ತು. ಮಡಿಲಲ್ಲಿದ್ದ ಫೋನಿನ ಬ್ಯಾಟರಿ ಸತ್ತಿತ್ತು, ಆ ಒಂದು ರಿಂಗಿಗೇ ಮುಗಿದಿರಬೇಕು.

ಮೈ ಮುಟ್ಟಿ ನೋಡಿದೆ. ಉಸಿರು ಇರಲಿಲ್ಲ.

"ಇವತ್ತು ಬೆಳಿಗ್ಗೆವರೆಗೂ ಜೀವ ಇತ್ತು ಅನ್ಸುತ್ತೆ" ಅಂದರು ಆಸ್ಪತ್ರೆಯ ಡಾಕ್ಟರು. ಆ ಹೊತ್ತಿಗೆ ನಾವು ಕಳಸದಲ್ಲಿ ಅವನ ಹೆಸರು ಹಿಡಿದು ಕೂಗುತ್ತಿದ್ದೆವು.

ಅವನು ಮೇಲಕ್ಕೆ ಯಾಕೆ ತೆವಳಿದ ಅನ್ನುವುದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ. ಬೈಕ್ ಬಿದ್ದ ಜಾಗದಿಂದ ಕೆಳಕ್ಕೆ ನೂರು ಹೆಜ್ಜೆಯೂ ಇಲ್ಲ, ಎಸ್ಟೇಟ್ ರಸ್ತೆ. ದಿನಾ ಸಂಜೆ ಕೆಲಸದವರು ಅದೇ ದಾರಿಯಲ್ಲಿ ಮನೆಗೆ ಹೋಗುತ್ತಾರೆ. ಅವನು ಕೆಳಗೆ ತೆವಳಿದ್ದರೆ ಅವತ್ತೇ ಸಿಗುತ್ತಿದ್ದ.

ಅವನು ಮೇಲಕ್ಕೆ ಹೋದ. ನಾನು ಹೇಳಿದ್ದೆನಲ್ಲ, ಲೈನ್ ಗ್ಯಾರಂಟಿ ಅಂತ.

ನಲವತ್ತನೇ ದಿನದ ಪ್ರಾರ್ಥನೆಗೆ ಹೋಗಿದ್ದಾಗ ಜೈನಾಬಿ ಬಾಗಿಲ ಹಿಂದೆ ನಿಂತು ಕೇಳಿದಳು. "ಕೆಳಗೇ ರಸ್ತೆ ಇತ್ತಂತಲ್ಲ ಅಣ್ಣಾ... ಮುರಿದ ಕಾಲಲ್ಲಿ ಇವ್ರು ಮೇಲೆ ಯಾಕೆ ಹತ್ತಿದ್ರು?"

"ಗೊತ್ತಿಲ್ಲಮ್ಮ" ಅಂದೆ.

ಈಗಲೂ ಸಿಕ್ಕಾಗ ಒಮ್ಮೊಮ್ಮೆ ಅದನ್ನೇ ಕೇಳುತ್ತಾಳೆ, ನಾನೂ ಅದನ್ನೇ ಹೇಳುತ್ತೇನೆ... ನೀವಾಗಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ?